ಸ್ವಂತ ಡೊಮೇನ್ ಮತ್ತು ಕ್ಲೌಡ್ ಆ್ಯಪ್: ಡಿಎನ್ಎಸ್ ದಾಖಲೆಗಳು

ಕ್ಲೌಡ್‌ನಲ್ಲಿ ನಡೆಯುತ್ತಿರುವ ಆ್ಯಪ್ ಅದರ ಒಡೆಯರು ಕೊಂಡ ಹೆಸರಿನಲ್ಲೇ ತೆರೆದುಕೊಳ್ಳಬೇಕಾದರೆ ಡೊಮೇನ್ ನೇಮ್ ಸಿಸ್ಟಮ್‌ನಲ್ಲಿ, ಅಂದರೆ ಡಿಎನ್ಎಸ್‌ನಲ್ಲಿ, ಕೆಲವು ದಾಖಲೆಗಳನ್ನು ಬರೆಯಬೇಕಾಗುತ್ತದೆ. ಹೆರೋಕು, ಗಿಟ್‌ಹಬ್ ಪೇಜಸ್, ನೆಟ್ಲಿಫೈ, ವರ್ಸೆಲ್, ಅಮೆಜಾನ್, ಅಜೂರ್, ಹೀಗೆ ಯಾವುದರಲ್ಲಿ ಆ್ಯಪ್ ಏರಿಸಿದರೂ ಮೊದಲು ಸಿಗುವುದು ಆ ಸಂಸ್ಥೆಯದೇ ಬಾಲವಿರುವ ವಿಳಾಸ. ಹೆರೋಕುವಿನಲ್ಲಾದರೆ ಅದು ಹೆರೋಕುಆ್ಯಪ್.ಕಾಮ್ ಎಂದು ಮುಗಿಯುತ್ತದೆ, ಗಿಟ್‌ಹಬ್‌ನಲ್ಲಾದರೆ ಗಿಟ್‌ಹಬ್.ಐಒ ಎಂದು. ಅಲ್ಲಿಂದ ಸ್ವಂತ ಹೆಸರಿಗೆ ಬರಲು ಬೇಕಾದದ್ದು ನಾಲ್ಕೈದು ಸಾಲುಗಳಷ್ಟೆ. ಆದರೆ ಆ ಸಾಲುಗಳನ್ನು ಯಾರ ಬಳಿ, ಯಾವ ಹೆಸರಿನಡಿ, ಎಷ್ಟು ಹೊತ್ತಿನ ಆಯಸ್ಸು ಕೊಟ್ಟು ಬರೆಯಬೇಕು ಎಂಬುದು ಸ್ಪಷ್ಟವಿಲ್ಲದಿದ್ದರೆ ಸೈಟ್ ತೆರೆಯುವುದಿಲ್ಲ. ಎಷ್ಟೋ ಸಲ ಅದುವರೆಗೆ ಸರಿಯಾಗಿದ್ದ ಇಮೇಲ್ ಕೂಡ ನಿಂತುಹೋಗುತ್ತದೆ. ಡಿಎನ್ಎಸ್‌ನಲ್ಲಿ ಪ್ರತಿಯೊಂದು ಹೆಸರಿಗೂ ಉತ್ತರ ಹೇಳುವ ಅಧಿಕಾರ ಒಬ್ಬರ ಕೈಯಲ್ಲಿರುತ್ತದೆ. ಆ ಅಧಿಕಾರ ಎಲ್ಲಿದೆ ಎಂದು ಹುಡುಕಿಕೊಂಡವರಿಗೆ ಉಳಿದ ಕೆಲಸ ಕಷ್ಟವಲ್ಲ.

ಈ ಲೇಖನದ ಉದಾಹರಣೆಗಳಲ್ಲಿ ಎಕ್ಸಾಂಪಲ್.ಕಾಮ್ ಎಂಬ ಹೆಸರನ್ನು ಬಳಸಿದೆ. ಇಂಥ ವಿವರಣೆಗಳಿಗೆಂದೇ ಅದನ್ನು 1999ರಿಂದ ಮೀಸಲಿಡಲಾಗಿದೆ.

ಹಿನ್ನೆಲೆ

ಇಂಟರ್ನೆಟ್‌ಗಿಂತ ಹಿಂದಿನ ಅರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರು ಮತ್ತು ವಿಳಾಸ ಒಂದೇ ಕಡತದಲ್ಲಿರುತ್ತಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಎಸ್ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಆ ಕಡತವನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿಸುವವರು ಆ ತಂಡಕ್ಕೆ ತಿಳಿಸಬೇಕು, ಉಳಿದವರೆಲ್ಲ ಆಗಾಗ ಕಡತದ ಹೊಸ ಪ್ರತಿ ಇಳಿಸಿಕೊಳ್ಳಬೇಕು. ಜಾಲ ಬೆಳೆದಂತೆ ಈ ಪದ್ಧತಿ ಏಗಲಾರದಾಯಿತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇನ್ಫರ್ಮೇಷನ್ ಸೈನ್ಸಸ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಇದಕ್ಕೆ ಬದಲಾಗಿ ಡಿಎನ್ಎಸ್ ರೂಪಿಸಿದರು. 1987ರ ನವೆಂಬರ್‌ನಲ್ಲಿ ಬಂದ ಮಾನಕ ಪತ್ರಗಳಾದ ಆರ್‌ಎಫ್‌ಸಿ 1034 ಮತ್ತು 1035 ಇಂದಿಗೂ ಅದರ ಆಧಾರ. ಅಂದು ಅವರು ಹಾಕಿದ ಒಂದು ನಿಯಮವೇ ಇಂದು ಕ್ಲೌಡ್ ಆ್ಯಪ್ ಜೋಡಿಸುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು. ಅದನ್ನು ಮುಂದೆ ವಿವರವಾಗಿ ನೋಡಬಹುದು.

ಹೆಸರನ್ನು ಹುಡುಕುವ ದಾರಿ ಬಲದಿಂದ ಎಡಕ್ಕೆ. ರೂಟ್ ಸರ್ವರ್‌ಗಳು (ಎ ಇಂದ ಎಂ ವರೆಗಿನ 13 ಹೆಸರುಗಳು, ನಡೆಸುವವರು 12 ಸಂಸ್ಥೆಗಳು) ಕಾಮ್‌ಗೆ ಯಾರನ್ನು ಕೇಳಬೇಕೆಂದು ಹೇಳುತ್ತವೆ, ಕಾಮ್‌ನ ಸರ್ವರ್‌ಗಳು ಎಕ್ಸಾಂಪಲ್.ಕಾಮ್‌ಗೆ ಯಾರನ್ನು ಕೇಳಬೇಕೆಂದು ಹೇಳುತ್ತವೆ. ಕೊನೆಯ ಉತ್ತರ ಕೊಡುವುದು ಆ ಡೊಮೇನಿನ ನೇಮ್‌ಸರ್ವರ್. ಈ ಅಲೆದಾಟವನ್ನೆಲ್ಲ ಬಳಕೆದಾರರ ಪರವಾಗಿ ಮಾಡುವುದು ರಿಸಾಲ್ವರ್. ಅದು ಮನೆಯ ಇಂಟರ್ನೆಟ್ ಕಂಪನಿಯದಿರಬಹುದು, 2009ರಲ್ಲಿ ಶುರುವಾದ ಗೂಗಲ್‌ನ 8.8.8.8 ಇರಬಹುದು, 2018ರ ಕ್ಲೌಡ್‌ಫ್ಲೇರ್‌ನ 1.1.1.1 ಇರಬಹುದು.

ಮೂರು ಖಾತೆಗಳು

ಸ್ವಂತ ಡೊಮೇನ್ ಜೋಡಿಸುವಾಗ ಮೂರು ಬೇರೆ ಬೇರೆ ಖಾತೆಗಳು ಕೈಗೆ ಬರುತ್ತವೆ. ಹೆಸರು ಕೊಂಡದ್ದು ರಿಜಿಸ್ಟ್ರಾರ್ ಬಳಿ. ದಾಖಲೆಗಳನ್ನು ಇಟ್ಟಿರುವುದು ಡಿಎನ್ಎಸ್ ಸೇವೆಯವರ ಬಳಿ. ಆ್ಯಪ್ ನಡೆಯುವುದು ಕ್ಲೌಡ್ ಸಂಸ್ಥೆಯ ಬಳಿ. ರಿಜಿಸ್ಟ್ರಾರ್‌ಗಳು ಹೆಸರಿನ ಜೊತೆಗೆ ಡಿಎನ್ಎಸ್ ಸೇವೆಯನ್ನೂ ಕೊಡುವುದರಿಂದ ಮೊದಲೆರಡು ಒಂದೇ ಎಂದು ಅನೇಕರು ತಿಳಿದಿರುತ್ತಾರೆ. ನೇಮ್‌ಸರ್ವರ್‌ಗಳನ್ನು ಹಿಂದೆ ಯಾವಾಗಲೋ ಬೇರೆ ಸೇವೆಗೆ ಬದಲಿಸಿದ್ದರೆ ರಿಜಿಸ್ಟ್ರಾರ್‌ನ ಫಲಕದಲ್ಲಿ ಎಷ್ಟು ದಾಖಲೆ ಬರೆದರೂ ಜಗತ್ತಿನಲ್ಲಿ ಯಾರೂ ಅದನ್ನು ಓದುವುದಿಲ್ಲ. ಫಲಕವೇನೋ ದಾಖಲೆ ಉಳಿಸಿಕೊಂಡೆನೆಂದು ಹಸಿರು ಗುರುತು ತೋರಿಸುತ್ತದೆ, ಸೈಟ್ ಮಾತ್ರ ಹಳೆಯ ಜಾಗಕ್ಕೇ ಹೋಗುತ್ತಿರುತ್ತದೆ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಒಂದೇ: ಡಿಗ್ ಅಥವಾ ಎನ್‌ಎಸ್‌ಲುಕಪ್ ಆಜ್ಞೆಯಿಂದ ಡೊಮೇನಿನ ಎನ್ಎಸ್ ದಾಖಲೆಗಳನ್ನು, ಅಂದರೆ ಅದರ ನೇಮ್‌ಸರ್ವರ್‌ಗಳ ಹೆಸರನ್ನು, ಕೇಳಿ, ಅಧಿಕಾರ ಯಾರ ಬಳಿ ಇದೆ ಎಂದು ಕಣ್ಣಾರೆ ನೋಡುವುದು.

ನೇಮ್‌ಸರ್ವರ್ ಬದಲಾಯಿಸಲೇಬೇಕಾದರೆ ಹಳೆಯ ಕಡೆ ಇರುವ ಪ್ರತಿಯೊಂದು ದಾಖಲೆಯನ್ನೂ ಹೊಸ ಕಡೆ ಮೊದಲೇ ನಕಲು ಮಾಡಿಡಬೇಕು. ಹೊಸ ಸೈಟಿನ ಸಂಭ್ರಮದಲ್ಲಿ ಮರೆತುಹೋಗುವುದು ಸಾಮಾನ್ಯವಾಗಿ ಇಮೇಲಿನ ದಾಖಲೆಗಳು: ಅಂಚೆ ಎಲ್ಲಿಗೆ ತಲುಪಬೇಕೆಂದು ಹೇಳುವ ಎಂಎಕ್ಸ್, ಯಾರು ನಮ್ಮ ಪರವಾಗಿ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್, ಸಹಿಯ ಕೀಲಿ ಇರುವ ಡಿಕೆಐಎಂ. ಕೊನೆಯ ಎರಡೂ ಟೆಕ್ಸ್ಟ್ ದಾಖಲೆಗಳು. ಒಂದು ಟೆಕ್ಸ್ಟ್ ತುಣುಕು 255 ಬೈಟ್ ಮೀರುವಂತಿಲ್ಲ. 2048 ಬಿಟ್‌ನ ಡಿಕೆಐಎಂ ಕೀಲಿ ಅದಕ್ಕಿಂತ ಉದ್ದವಾದ್ದರಿಂದ ಅದನ್ನು ತುಂಡು ಮಾಡಿ ಬರೆಯಬೇಕು. ಡಿಎನ್ಎಸ್ ಉತ್ತರಗಳಿಗೆ ಸಹಿ ಹಾಕುವ ಡಿಎನ್ಎಸ್‌ಸೆಕ್ ಚಾಲೂ ಇದ್ದರೆ ಇನ್ನೊಂದು ಎಚ್ಚರ ಬೇಕು: ಆ ಸಹಿಯ ಕೀಲಿಯನ್ನು ಗುರುತಿಸುವ, ರಿಜಿಸ್ಟ್ರಾರ್ ಬಳಿ ಇರುವ ಹಳೆಯ ಡಿಎಸ್ ದಾಖಲೆ ತೆಗೆಯದೆ ನೇಮ್‌ಸರ್ವರ್ ಬದಲಿಸಿದರೆ ಸಹಿ ಹೊಂದುವುದಿಲ್ಲ, ಸಹಿ ಪರೀಕ್ಷಿಸುವ ರಿಸಾಲ್ವರ್‌ಗಳೆಲ್ಲ ಡೊಮೇನನ್ನೇ ತಿರಸ್ಕರಿಸುತ್ತವೆ.

ಎ, ಕ್ವಾಡ್ ಎ ಮತ್ತು ಸಿನೇಮ್

ಎ ದಾಖಲೆ ಹೆಸರಿಗೆ ಐಪಿವಿ4 ವಿಳಾಸ ಕೊಡುತ್ತದೆ, ಕ್ವಾಡ್ ಎ ಅಂದರೆ ನಾಲ್ಕು ಎ ಇರುವ ದಾಖಲೆ ಐಪಿವಿ6 ವಿಳಾಸ ಕೊಡುತ್ತದೆ. ಸಿನೇಮ್ ವಿಳಾಸ ಕೊಡುವುದಿಲ್ಲ. ಈ ಹೆಸರಿನ ನಿಜವಾದ ಹೆಸರು ಇನ್ನೊಂದು, ಅದನ್ನೇ ಕೇಳಿ ಎನ್ನುತ್ತದೆ.

ಕ್ಲೌಡ್ ಸಂಸ್ಥೆಗಳಿಗೆ ಪ್ರಿಯವಾದದ್ದು ಸಿನೇಮ್. ಅವರ ಯಂತ್ರಗಳು ದಿನಕ್ಕೆ ಎಷ್ಟು ಸಲ ಬದಲಾದರೂ ತಮ್ಮ ಹೆಸರಿನ ಹಿಂದಿರುವ ವಿಳಾಸ ತಿದ್ದಿಕೊಂಡರೆ ಸಾಕು, ಗ್ರಾಹಕರು ಏನನ್ನೂ ಮುಟ್ಟಬೇಕಿಲ್ಲ. ಹೆರೋಕುವಿನಲ್ಲಿ ಡೊಮೇನ್ ಸೇರಿಸಿದ ಕೂಡಲೇ ಹೆರೋಕುಡಿಎನ್ಎಸ್.ಕಾಮ್ ಎಂದು ಮುಗಿಯುವ, ಆ ಡೊಮೇನಿಗೆ ಮಾತ್ರ ಮೀಸಲಾದ ಗುರಿಹೆಸರು ಸಿಗುತ್ತದೆ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ.ಎಕ್ಸಾಂಪಲ್.ಕಾಮ್‌ಗೆ ಸಿನೇಮ್ ಬರೆದು ಆ ಗುರಿಹೆಸರನ್ನು ಕೊಟ್ಟರೆ ಡಿಎನ್ಎಸ್ ಕಡೆಯ ಕೆಲಸ ಮುಗಿಯಿತು. ಗಿಟ್‌ಹಬ್ ಪೇಜಸ್‌ನಲ್ಲಿ ಗುರಿ ಬಳಕೆದಾರರ ಗಿಟ್‌ಹಬ್.ಐಒ ಹೆಸರೇ.

ಐಪಿ ವಿಳಾಸವನ್ನು ನೇರವಾಗಿ ಬರೆಯುವುದರ ತೊಂದರೆಗೂ ಗಿಟ್‌ಹಬ್ ಪೇಜಸ್ ಒಳ್ಳೆಯ ಉದಾಹರಣೆ. 2018ರ ಮೇ 1ರಂದು ಸ್ವಂತ ಡೊಮೇನ್‌ಗಳಿಗೂ ಎಚ್‌ಟಿಟಿಪಿಎಸ್ ಕೊಡಲು ಅದು ಶುರು ಮಾಡಿತು. ಸಿನೇಮ್ ಬರೆದಿದ್ದವರಿಗೆ ಆ ಸೌಲಭ್ಯ ತಾನಾಗಿ ಒದಗಿತು. ಹಳೆಯ ಐಪಿ ವಿಳಾಸಗಳನ್ನು ಎ ದಾಖಲೆಯಲ್ಲಿ ಬರೆದಿದ್ದವರು ತಾವೇ ಹೋಗಿ 185.199.108.153ರಿಂದ 185.199.111.153ರವರೆಗಿನ ನಾಲ್ಕು ಹೊಸ ವಿಳಾಸಗಳಿಗೆ ಬದಲಿಸಿಕೊಳ್ಳಬೇಕಾಯಿತು.

ಬರಿ ಡೊಮೇನಿನ ತೊಡಕು

ಹಾಗಾದರೆ ಎಲ್ಲಕ್ಕೂ ಸಿನೇಮ್ ಬರೆದುಬಿಡಬಹುದಲ್ಲ ಎಂದರೆ, ಆಗುವುದಿಲ್ಲ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಲ್ಲದ ಬರಿಯ ಎಕ್ಸಾಂಪಲ್.ಕಾಮ್, ಅಂದರೆ ಅಪೆಕ್ಸ್ ಅಥವಾ ನೇಕೆಡ್ ಡೊಮೇನ್, ಸಿನೇಮ್ ಒಪ್ಪುವುದಿಲ್ಲ. 1987ರ ನಿಯಮದ ಪ್ರಕಾರ ಒಂದು ಹೆಸರಿಗೆ ಸಿನೇಮ್ ಇದ್ದರೆ ಅದೇ ಹೆಸರಿಗೆ ಬೇರೆ ಯಾವ ಮಾಹಿತಿಯೂ ಇರಬಾರದು. ನಿಜವಾದ ಹೆಸರು ಬೇರೆಯದು ಎಂದ ಮೇಲೆ ಎಲ್ಲ ಪ್ರಶ್ನೆಗಳೂ ಅಲ್ಲಿಗೇ ಹೋಗಬೇಕು ಎಂಬುದು ಅದರ ತರ್ಕ, ಮತ್ತು ಅದು ಸರಿಯಾದ ತರ್ಕ. ಆದರೆ ಪ್ರತಿ ಡೊಮೇನಿನ ತುದಿಯಲ್ಲಿ ಎನ್ಎಸ್ ಮತ್ತು ಡೊಮೇನಿನ ಮೂಲ ವಿವರಗಳಿರುವ ಎಸ್ಒಎ ಎಂಬ ಎರಡು ಬಗೆಯ ದಾಖಲೆಗಳು ಇರಲೇಬೇಕು. ಅವಿಲ್ಲದೆ ಅದು ಡೊಮೇನೇ ಅಲ್ಲ. ಎರಡು ನಿಯಮಗಳೂ ಒಂದೇ ಹೆಸರಿನ ಮೇಲೆ ಬಂದು ಕೂರುವುದರಿಂದ ಅಪೆಕ್ಸ್‌ನಲ್ಲಿ ಸಿನೇಮ್‌ಗೆ ಜಾಗವಿಲ್ಲ.

ಕೆಲವು ಫಲಕಗಳು ನಿಯಮ ಮೀರಿ ಬರೆಯಲು ಬಿಟ್ಟದ್ದುಂಟು. ಆಗ ಏನಾಗುತ್ತದೆಂದು ಹತ್ತಿರದಿಂದ ನೋಡಬೇಕು. ಯಾರೋ ಎಕ್ಸಾಂಪಲ್.ಕಾಮ್‌ಗೆ ಇಮೇಲ್ ಕಳಿಸುತ್ತಾರೆ. ಅವರ ಸರ್ವರ್ ಎಂಎಕ್ಸ್ ಕೇಳುತ್ತದೆ. ರಿಸಾಲ್ವರ್ ಅಷ್ಟರಲ್ಲಿ ಸೈಟಿನ ಸಲುವಾಗಿ ಸಿನೇಮ್ ಒಂದನ್ನು ತಂದು ನೆನಪಿಟ್ಟುಕೊಂಡಿದ್ದರೆ, ಎಂಎಕ್ಸ್ ಪ್ರಶ್ನೆಯನ್ನೂ ಕ್ಲೌಡ್ ಸಂಸ್ಥೆಯ ಗುರಿಹೆಸರಿಗೇ ಒಯ್ಯುತ್ತದೆ. ಅಲ್ಲಿ ಎಂಎಕ್ಸ್ ಇಲ್ಲ. ಪತ್ರ ಹಿಂದಿರುಗುತ್ತದೆ. ರಿಸಾಲ್ವರ್‌ಗೆ ಸಿನೇಮ್ ನೆನಪಿರದ ಇನ್ನೊಂದು ಗಳಿಗೆಯಲ್ಲಿ ಅದೇ ಪತ್ರ ಸರಿಯಾಗಿ ತಲುಪುತ್ತದೆ. ಹೀಗೆ ಆಗೊಮ್ಮೆ ಈಗೊಮ್ಮೆ ಮಾತ್ರ ಕಾಣಿಸಿಕೊಳ್ಳುವ ದೋಷದ ಮೂಲ ಹುಡುಕುವುದು ತೀರಾ ಪ್ರಯಾಸದ ಕೆಲಸ.

ಇದಕ್ಕೆ ಬಳಕೆಯಲ್ಲಿರುವ ದಾರಿಗಳು ಹಲವು. ಕ್ಲೌಡ್ ಸಂಸ್ಥೆ ಸ್ಥಿರವಾದ ಐಪಿ ವಿಳಾಸಗಳನ್ನು ಪ್ರಕಟಿಸಿದ್ದರೆ ಅಪೆಕ್ಸ್‌ಗೆ ಎ ದಾಖಲೆ ಸಾಕು. ಗಿಟ್‌ಹಬ್ ಪೇಜಸ್‌ನ ನಾಲ್ಕು ವಿಳಾಸಗಳು ಇರುವುದು ಅದಕ್ಕೇ. ಹೆರೋಕುವಿನ ಸಾಮಾನ್ಯ ಆ್ಯಪ್‌ಗಳಿಗೆ ಅಂಥ ಸ್ಥಿರ ವಿಳಾಸವಿಲ್ಲ. ಇಂದು ಡಿಗ್ ಮಾಡಿ ಸಿಕ್ಕ ವಿಳಾಸವನ್ನು ಎ ದಾಖಲೆಯಲ್ಲಿ ಬರೆದಿಟ್ಟರೆ ಅದು ಎಂದು ಕೈಕೊಡುತ್ತದೋ ಹೇಳಲಾಗದು.

ಎರಡನೆಯದು ಡಿಎನ್ಎಸ್ ಸೇವೆಯವರೇ ಕಂಡುಕೊಂಡ ಉಪಾಯ. ಹೊರಗಿನವರಿಗೆ ಸಿನೇಮ್ ತೋರಿಸುವ ಬದಲು ನೇಮ್‌ಸರ್ವರ್ ತಾನೇ ಗುರಿಹೆಸರಿನ ವಿಳಾಸ ಹುಡುಕಿ, ಅದನ್ನು ಎ ದಾಖಲೆಯ ರೂಪದಲ್ಲಿ ಕೊಡುತ್ತದೆ. ಕೆಲವರು ಇದನ್ನು ಅಲಿಯಾಸ್ ಎನ್ನುತ್ತಾರೆ, ಕೆಲವರು ಎನೇಮ್ ಎನ್ನುತ್ತಾರೆ. 2014ರಲ್ಲಿ ಕ್ಲೌಡ್‌ಫ್ಲೇರ್ ಇದನ್ನು ಸಿನೇಮ್ ಫ್ಲಾಟನಿಂಗ್ ಎಂದು ಕರೆಯಿತು. ಅಮೆಜಾನ್‌ನ ರೂಟ್ 53 ಸೇವೆಯಲ್ಲಿರುವ ಅಲಿಯಾಸ್ ತನ್ನದೇ ಲೋಡ್ ಬ್ಯಾಲೆನ್ಸರ್, ಕ್ಲೌಡ್‌ಫ್ರಂಟ್ ಮುಂತಾದವಕ್ಕೆ ಮಾತ್ರ ತೋರಿಸಬಲ್ಲದು, ಹೊರಗಿನ ಕ್ಲೌಡ್‌ಗೆ ಅಲ್ಲ. ಈ ಉಪಾಯದ ಕೊರತೆಯೂ ತಿಳಿದಿರಬೇಕು. ಬಳಕೆದಾರರು ಇರುವ ಊರು ನೋಡಿ ಹತ್ತಿರದ ಯಂತ್ರದ ವಿಳಾಸ ಕೊಡುವ ಸೇವೆಗಳಲ್ಲಿ, ಪ್ರಶ್ನೆ ಕೇಳುವವರು ಡಿಎನ್ಎಸ್ ಸೇವೆಯವರೇ ಆಗಿಬಿಟ್ಟರೆ ಅವರಿಗೆ ಹತ್ತಿರದ ವಿಳಾಸ ಸಿಗುತ್ತದೆ. ಮೈಸೂರಿನಲ್ಲಿ ಕುಳಿತವರಿಗೆ ಅದು ಬಲು ದೂರದ್ದಾಗಬಹುದು. ಎನೇಮ್ ದಾಖಲೆಯನ್ನು ಎಲ್ಲರೂ ಒಪ್ಪುವ ಮಾನಕವನ್ನಾಗಿಸುವ ಪ್ರಯತ್ನ ಇಂಟರ್ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್‌ನಲ್ಲಿ ನಡೆದು ಕೈಗೂಡಲಿಲ್ಲ. ಬದಲಾಗಿ 2023ರ ನವೆಂಬರ್‌ನಲ್ಲಿ ಎಚ್‌ಟಿಟಿಪಿಎಸ್ ಎಂಬ ಹೆಸರಿನದೇ ಒಂದು ದಾಖಲೆ ಆರ್‌ಎಫ್‌ಸಿ 9460ರಲ್ಲಿ ಬಂದಿದೆ. ಅದು ಅಪೆಕ್ಸ್‌ನಲ್ಲೂ ಗುರಿಹೆಸರು ಸೂಚಿಸಬಲ್ಲದು, ಬೇರೆ ದಾಖಲೆಗಳ ಜೊತೆಗೆ ಇರಬಲ್ಲದು. ಆದರೆ ಅದನ್ನು ಕೇಳಲು ಅರಿಯದ ಬ್ರೌಸರ್ ಮತ್ತು ಸಾಧನಗಳು ಇರುವವರೆಗೂ ಎ ದಾಖಲೆಯನ್ನು ಬಿಡುವಂತಿಲ್ಲ.

ಮೂರನೆಯದು ಅಪೆಕ್ಸ್‌ಗೆ ಬಂದವರನ್ನು ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಹೆಸರಿಗೆ ರೀಡೈರೆಕ್ಟ್ ಮಾಡುವುದು. ಅನೇಕ ರಿಜಿಸ್ಟ್ರಾರ್‌ಗಳು ಇದನ್ನು ಫಾರ್ವರ್ಡಿಂಗ್ ಎಂದು ಉಚಿತವಾಗಿ ಕೊಡುತ್ತಾರೆ. ಆದರೆ ರೀಡೈರೆಕ್ಟ್ ಮಾಡುವ ಸರ್ವರ್‌ನಲ್ಲಿ ಆ ಡೊಮೇನಿನ ಸರ್ಟಿಫಿಕೇಟ್ ಇಲ್ಲದಿದ್ದರೆ ಎಚ್‌ಟಿಟಿಪಿಎಸ್ ಮೂಲಕ ಬಂದವರಿಗೆ ರೀಡೈರೆಕ್ಟ್‌ಗಿಂತ ಮೊದಲೇ ಬ್ರೌಸರ್‌ನ ಎಚ್ಚರಿಕೆ ಎದುರಾಗುತ್ತದೆ. .ಆ್ಯಪ್ ಮತ್ತು .ಡೆವ್ ಡೊಮೇನ್‌ಗಳನ್ನು ಬ್ರೌಸರ್‌ಗಳು ಎಚ್‌ಟಿಟಿಪಿಎಸ್ ಇಲ್ಲದೆ ತೆರೆಯುವುದೇ ಇಲ್ಲ, ಆದ್ದರಿಂದ ಅಲ್ಲಿ ಇಂಥ ಫಾರ್ವರ್ಡಿಂಗ್ ಉಪಯೋಗಕ್ಕೆ ಬಾರದು. ಎಲ್ಲವನ್ನೂ ತೂಗಿ ನೋಡಿದರೆ, ಹೊಸದಾಗಿ ಶುರು ಮಾಡುವವರು ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಹೆಸರನ್ನೇ ಮುಖ್ಯವಾಗಿಟ್ಟುಕೊಂಡು ಸಿನೇಮ್ ಬರೆದು, ಅಪೆಕ್ಸ್‌ಗೆ ಅಲಿಯಾಸ್ ಸೌಲಭ್ಯವಿರುವ ಡಿಎನ್ಎಸ್ ಸೇವೆ ಆರಿಸಿಕೊಳ್ಳುವುದು ಹೆಚ್ಚು ನೆಮ್ಮದಿಯ ದಾರಿ.

ಆ್ಯಪ್ ಕಡೆಯ ಒಪ್ಪಿಗೆ ಮತ್ತು ಸರ್ಟಿಫಿಕೇಟ್

ಡಿಎನ್ಎಸ್ ದಾಖಲೆ ಸರಿಯಿದ್ದೂ ನೋ ಸಚ್ ಆ್ಯಪ್ ಎಂಬ ಪುಟ ಬರುವುದು ಹೆರೋಕು ಬಳಸುವವರಿಗೆ ಪರಿಚಿತ. ಒಂದೇ ಐಪಿ ವಿಳಾಸದ ಹಿಂದೆ ಸಾವಿರಾರು ಆ್ಯಪ್‌ಗಳಿರುತ್ತವೆ. ಒಂದೇ ಬಾಗಿಲ ಸಂಖ್ಯೆಯ ವಠಾರಕ್ಕೆ ಬಂದ ಕಾಗದವನ್ನು ಮೇಲೆ ಬರೆದ ಹೆಸರು ನೋಡಿ ಕೊಡುವಂತೆ, ಕ್ಲೌಡ್ ಸಂಸ್ಥೆಯ ರೂಟರ್ ಬ್ರೌಸರ್ ಕಳಿಸುವ ಹೋಸ್ಟ್ ಹೆಸರು ನೋಡಿ ಆ್ಯಪ್ ಆರಿಸುತ್ತದೆ. ಆ ಹೆಸರನ್ನು ಆ್ಯಪ್‌ನ ಡ್ಯಾಶ್‌ಬೋರ್ಡ್‌ನಲ್ಲಿ ಸೇರಿಸದಿದ್ದರೆ ಕೋರಿಕೆ ಬಾಗಿಲಲ್ಲೇ ನಿಲ್ಲುತ್ತದೆ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದು ಮತ್ತು ಇಲ್ಲದ್ದು ಎರಡು ಬೇರೆ ಹೆಸರುಗಳೆಂದೇ ಲೆಕ್ಕ, ಎರಡನ್ನೂ ಸೇರಿಸಬೇಕು. ಡೊಮೇನ್ ನಿಮ್ಮದೇ ಎಂದು ಸಾಬೀತು ಮಾಡಲು ಒಂದು ಟೆಕ್ಸ್ಟ್ ದಾಖಲೆ ಬರೆಯಿರಿ ಎಂದು ಅಜೂರ್, ಗೂಗಲ್ ಮುಂತಾದವು ಕೇಳುತ್ತವೆ.

ಇದಾದ ಮೇಲೆ ಸರ್ಟಿಫಿಕೇಟ್. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಾರ್ವಜನಿಕರಿಗೆ ತೆರೆದುಕೊಂಡ ಮೇಲೆ ಹೆಚ್ಚಿನ ಕ್ಲೌಡ್ ಸಂಸ್ಥೆಗಳು ಸರ್ಟಿಫಿಕೇಟನ್ನು ತಾವೇ ಪಡೆದು, ತಾವೇ ನವೀಕರಿಸಿ, ಉಚಿತವಾಗಿ ಕೊಡುತ್ತವೆ. ಅದಕ್ಕೆ ಡಿಎನ್ಎಸ್ ಮೊದಲು ಸರಿಯಾಗಬೇಕು, ಏಕೆಂದರೆ ಸರ್ಟಿಫಿಕೇಟ್ ಕೊಡುವವರು ಆ ಹೆಸರಿಗೇ ಬಂದು ಪರೀಕ್ಷಿಸುತ್ತಾರೆ, ಇಲ್ಲವೇ ಅದರಡಿ ಒಂದು ಟೆಕ್ಸ್ಟ್ ದಾಖಲೆ ಹುಡುಕುತ್ತಾರೆ. ದೊಡ್ಡ ಸಂಸ್ಥೆಗಳ ಡೊಮೇನ್‌ಗಳಲ್ಲಿ ಸಿಎಎ ದಾಖಲೆ ಅಡ್ಡ ಬರುವುದುಂಟು. ಈ ಡೊಮೇನಿಗೆ ಸರ್ಟಿಫಿಕೇಟ್ ಕೊಡಲು ಯಾರಿಗೆ ಅನುಮತಿ ಇದೆ ಎಂದು ಅದು ಹೇಳುತ್ತದೆ, ಮತ್ತು 2017ರ ಸೆಪ್ಟೆಂಬರ್‌ನಿಂದ ಅದನ್ನು ನೋಡುವುದು ಸರ್ಟಿಫಿಕೇಟ್ ಕೊಡುವವರೆಲ್ಲರಿಗೂ ಕಡ್ಡಾಯ. ಹಿಂದೆ ಯಾರೋ ಒಂದೇ ಕಂಪನಿಯ ಹೆಸರು ಬರೆದಿಟ್ಟಿದ್ದರೆ ಕ್ಲೌಡ್‌ನ ಸರ್ಟಿಫಿಕೇಟ್ ಕೋರಿಕೆ ಸೋಲುತ್ತಲೇ ಇರುತ್ತದೆ.

ಟಿಟಿಎಲ್ ಮತ್ತು ಕಾಯುವಿಕೆ

ದಾಖಲೆ ಬದಲಿಸಿದ ಮೇಲೆ 48 ಗಂಟೆ ಕಾಯಿರಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ವಾಸ್ತವದಲ್ಲಿ ಹೊಸ ದಾಖಲೆಯನ್ನು ಯಾರೂ ಜಗತ್ತಿನಾದ್ಯಂತ ಹಂಚಿಕೊಂಡು ಹೋಗುವುದಿಲ್ಲ. ನೇಮ್‌ಸರ್ವರ್‌ನಲ್ಲಿ ಅದು ಬಹುಬೇಗ ಸಿದ್ಧವಾಗಿರುತ್ತದೆ. ಕಾಯಬೇಕಾಗುವುದು ರಿಸಾಲ್ವರ್‌ಗಳು ನೆನಪಿಟ್ಟುಕೊಂಡ ಹಳೆಯ ಉತ್ತರದ ಅವಧಿ ತೀರಲಿ ಎಂದು. ಪ್ರತಿ ದಾಖಲೆಯಲ್ಲಿ ಸೆಕೆಂಡ್‌ಗಳಲ್ಲಿ ಬರೆದ ಟಿಟಿಎಲ್ ಆ ಅವಧಿ: 300 ಎಂದರೆ ಐದು ನಿಮಿಷ, 86,400 ಎಂದರೆ ಒಂದು ದಿನ. ಕಾಮ್‌ನ ಸರ್ವರ್‌ಗಳು ಕೊಡುವ ಎನ್ಎಸ್ ದಾಖಲೆಗಳ ಟಿಟಿಎಲ್ 1,72,800 ಸೆಕೆಂಡ್, ಅಂದರೆ ಸರಿಯಾಗಿ 48 ಗಂಟೆ. ನೇಮ್‌ಸರ್ವರನ್ನೇ ಬದಲಿಸಿದವರಿಗೆ ಆ ಸಲಹೆ ಹೊಂದುತ್ತದೆ, ಒಂದು ಸಿನೇಮ್ ತಿದ್ದಿದವರಿಗೆ ಹೊಂದುವುದಿಲ್ಲ.

ನಡೆಯುತ್ತಿರುವ ಸೈಟನ್ನು ಕ್ಲೌಡ್‌ಗೆ ಸಾಗಿಸುವವರು ಒಂದೆರಡು ದಿನ ಮೊದಲೇ ಹಳೆಯ ದಾಖಲೆಯ ಟಿಟಿಎಲ್ 300ಕ್ಕೆ ಇಳಿಸಿಡಬೇಕು. ಬದಲಾವಣೆ ನೆಲೆಯೂರಿದ ಮೇಲೆ ಏರಿಸಿಕೊಳ್ಳಬಹುದು. ಬದಲಿಸುವ ಗಳಿಗೆಯಲ್ಲೇ ಟಿಟಿಎಲ್ ಇಳಿಸಿ ಫಲವಿಲ್ಲ. ಹಳೆಯ ಉತ್ತರ ಹಳೆಯ ಅವಧಿಯನ್ನೇ ಹೊತ್ತುಕೊಂಡು ರಿಸಾಲ್ವರ್‌ಗಳಲ್ಲಿ ಕೂತಿರುತ್ತದೆ. ಇಲ್ಲ ಎಂಬ ಉತ್ತರಕ್ಕೂ ಆಯಸ್ಸಿದೆ. ದಾಖಲೆ ಬರೆಯುವ ಮೊದಲೇ ಆತುರದಿಂದ ಬ್ರೌಸರ್‌ನಲ್ಲಿ ಹೆಸರು ಹೊಡೆದು ನೋಡಿದರೆ, ಆ ಹೆಸರೇ ಇಲ್ಲವೆಂಬ ಉತ್ತರ ಎಸ್ಒಎ ದಾಖಲೆ ಹೇಳಿದಷ್ಟು ಹೊತ್ತು ನೆನಪಿನಲ್ಲಿ ಉಳಿಯುತ್ತದೆ. ರಿಸಾಲ್ವರ್‌ಗಳ ಈ ನೆನಪಿನ, ಅಂದರೆ ಕ್ಯಾಶ್‌ನ, ಗೊಂದಲವಿಲ್ಲದೆ ನೋಡಬೇಕಾದರೆ ಡಿಗ್ ಆಜ್ಞೆಯಲ್ಲಿ @ ಚಿಹ್ನೆಯ ಮುಂದೆ ಅಧಿಕೃತ ನೇಮ್‌ಸರ್ವರ್‌ನ ಹೆಸರು ಕೊಟ್ಟು ನೇರವಾಗಿ ಅದನ್ನೇ ಕೇಳಬೇಕು. ಅಲ್ಲಿ ಉತ್ತರ ಸರಿಯಿದ್ದರೆ ಉಳಿದದ್ದು ಸಮಯದ ಮಾತು. ಅಲ್ಲೇ ತಪ್ಪಿದ್ದರೆ ಎಷ್ಟು ದಿನ ಕಾದರೂ ಸರಿಹೋಗದು.

ಮರುಕಳಿಸುವ ತಪ್ಪುಗಳು

ಅತಿ ಸಾಮಾನ್ಯವಾದದ್ದು ಹೆಸರು ಎರಡು ಸಲ ಬರುವುದು. ಬಹುಪಾಲು ಫಲಕಗಳು ನೇಮ್ ಎಂಬ ಖಾನೆಯಲ್ಲಿ ಬರೆದುದಕ್ಕೆ ಡೊಮೇನನ್ನು ತಾವೇ ಸೇರಿಸಿಕೊಳ್ಳುತ್ತವೆ. ಅಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಎಂದಷ್ಟೇ ಬರೆಯಬೇಕಾದ ಕಡೆ ಪೂರ್ತಿ ಹೆಸರು ಬರೆದರೆ ಹುಟ್ಟುವುದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ.ಎಕ್ಸಾಂಪಲ್.ಕಾಮ್.ಎಕ್ಸಾಂಪಲ್.ಕಾಮ್ ಎಂಬ ಯಾರೂ ಕೇಳದ ಹೆಸರು. ಅಪೆಕ್ಸ್‌ಗೆ ಆ ಖಾನೆಯಲ್ಲಿ @ ಬರೆಯುವುದು ರೂಢಿ. ಡೊಮೇನಿನ ದಾಖಲೆಗಳೆಲ್ಲ ಇರುವ ವಲಯದ ಕಡತವನ್ನು ನೇರವಾಗಿ ತಿದ್ದುವವರಿಗೆ ಗುರಿಹೆಸರಿನ ಕೊನೆಯ ಚುಕ್ಕೆಯೇ ಎಲ್ಲ: ಚುಕ್ಕೆಯಿದ್ದರೆ ಹೆಸರು ಅಲ್ಲಿಗೆ ಪೂರ್ಣ, ಇಲ್ಲದಿದ್ದರೆ ಡೊಮೇನ್ ಮತ್ತೆ ಅಂಟಿಕೊಳ್ಳುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಕಷ್ಟ. ಹಳೆಯ ಹೋಸ್ಟಿಂಗ್‌ನವರು ಎ ದಾಖಲೆಯ ಜೊತೆಗೆ ಕ್ವಾಡ್ ಎ ದಾಖಲೆಯನ್ನೂ ಬರೆದಿರುತ್ತಾರೆ. ಕ್ಲೌಡ್‌ಗೆ ಬಂದವರು ಎ ಮಾತ್ರ ಬದಲಿಸುತ್ತಾರೆ. ಐಪಿವಿ4 ಮಾತ್ರ ಇರುವ ಕಚೇರಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಹೊಸ ಸೈಟ್ ಚೆನ್ನಾಗಿ ತೆರೆಯುತ್ತದೆ. ಭಾರತದ ಮೊಬೈಲ್ ಜಾಲಗಳಲ್ಲಿ, ಅದರಲ್ಲೂ ಜಿಯೊದಲ್ಲಿ, ಐಪಿವಿ6 ವ್ಯಾಪಕವಾಗಿರುವುದರಿಂದ ಫೋನ್‌ನಲ್ಲಿ ನೋಡಿದವರಿಗೆ ಹಳೆಯ ಸೈಟೇ ಕಾಣುತ್ತದೆ. ಎರಡೂ ಕಡೆಯವರು ತಮಗೆ ಕಂಡದ್ದೇ ಸರಿಯೆಂದು ವಾದಿಸುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್ ಕೂಡ ಕ್ವಾಡ್ ಎ ಇದ್ದರೆ ಮೊದಲು ಅದನ್ನೇ ಹಿಡಿದು ಹೋಗುವುದರಿಂದ ಸರ್ಟಿಫಿಕೇಟೂ ಸಿಗುವುದಿಲ್ಲ. ಹೊಸ ಕ್ಲೌಡ್ ಐಪಿವಿ6 ವಿಳಾಸ ಕೊಡದಿದ್ದರೆ ಹಳೆಯ ಕ್ವಾಡ್ ಎ ದಾಖಲೆಯನ್ನು ಅಳಿಸಬೇಕು.

ಎಲ್ಲ ಡೊಮೇನ್‌ಗಳಿಗೂ ಒಂದೇ ಡಿಎನ್ಎಸ್ ಸೇವೆಯನ್ನು ನೆಚ್ಚುವುದು ತಪ್ಪೆನ್ನಲಾಗದು, ಅಪಾಯವಂತೂ ಹೌದು. 2016ರ ಅಕ್ಟೋಬರ್ 21ರಂದು ಮಿರಾಯ್ ಬಾಟ್‌ನೆಟ್, ಅಂದರೆ ಸೋಂಕಿತ ಸಾಧನಗಳ ಜಾಲ, ಡೈನ್ ಎಂಬ ಡಿಎನ್ಎಸ್ ಸಂಸ್ಥೆಯ ಮೇಲೆ ದಾಳಿ ಮಾಡಿದಾಗ ಟ್ವಿಟರ್, ಗಿಟ್‌ಹಬ್, ಸ್ಪಾಟಿಫೈ ಮೊದಲಾದವು ಅನೇಕರಿಗೆ ಸಿಗದಾದವು. ಅವುಗಳ ಯಂತ್ರಗಳಿಗೆ ಏನೂ ಆಗಿರಲಿಲ್ಲ, ಹೆಸರು ಹೇಳುವವರು ಮಾತ್ರ ಇರಲಿಲ್ಲ.

ಕನ್ನಡ ಲಿಪಿಯ ಡೊಮೇನ್

ಭಾರತದ .ಇನ್ ಡೊಮೇನನ್ನು ನಡೆಸುವ ನಿಕ್ಸಿ ಸಂಸ್ಥೆಯ ಅಡಿಯಲ್ಲೇ ಕನ್ನಡ ಲಿಪಿಯ .ಭಾರತ ಕೂಡ ಇದೆ. ಡಿಎನ್ಎಸ್‌ನಲ್ಲಿ ಕನ್ನಡ ಅಕ್ಷರಗಳು ಹಾಗೆಯೇ ಓಡಾಡುವುದಿಲ್ಲ. ಪ್ಯೂನಿಕೋಡ್ ಎಂಬ ಕ್ರಮದಿಂದ ಅವು ರೋಮನ್ ಅಕ್ಷರ ಮತ್ತು ಅಂಕಿಗಳ ಸಾಲಾಗುತ್ತವೆ, ಅದರ ಆರಂಭದಲ್ಲಿ ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆ ಸೇರುತ್ತವೆ. ಫಲಕದಲ್ಲಿ ಕನ್ನಡ ಹೆಸರು ಸ್ವೀಕಾರವಾಗದಿದ್ದರೆ ಈ ರೂಪವನ್ನು ಕೊಡಬೇಕು. ಕನ್ನಡದಲ್ಲಿ ಎದುರಾಗುವ ಇನ್ನೊಂದು ತೊಡಕು ಅರ್ಧಾಕ್ಷರವನ್ನು ಒತ್ತಕ್ಷರವಾಗದಂತೆ ತಡೆಯಲು ನಾವು ಟೈಪ್ ಮಾಡುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಗುರುತು. ಇಂಥ ಡೊಮೇನ್ ಹೆಸರುಗಳ 2008ರ ನಿಯಮಾವಳಿ ಹಲಂತದ ಮುಂದೆ ಅದನ್ನು ಒಪ್ಪುತ್ತದೆ, ಹಳೆಯ ನಿಯಮಾವಳಿ ಅಳಿಸಿಹಾಕುತ್ತದೆ. ಹೀಗಾಗಿ ಒಂದೇ ಹೆಸರು ಎರಡು ತಂತ್ರಾಂಶಗಳಲ್ಲಿ ಎರಡು ಬೇರೆ ಡೊಮೇನ್‌ಗಳಾಗಬಲ್ಲದು. ಆ ಗುರುತು ಬೇಕಿಲ್ಲದ ಹೆಸರನ್ನು ಆರಿಸಿಕೊಳ್ಳುವುದೇ ಕ್ಷೇಮ.

ಕೈಬಿಟ್ಟ ದಾಖಲೆಗಳು

ಜೋಡಿಸುವುದರ ಬಗ್ಗೆ ಇರುವಷ್ಟು ಗಮನ ಬಿಚ್ಚುವುದರ ಬಗ್ಗೆ ಇಲ್ಲದಿರುವುದು ಈ ವಿಷಯದಲ್ಲಿ ನಿಜವಾಗಿ ಆತಂಕ ಹುಟ್ಟಿಸುವ ಸಂಗತಿ. ಒಂದು ಉತ್ಸವಕ್ಕೋ ಪ್ರಚಾರಕ್ಕೋ ಸಂಸ್ಥೆಯ ಸಬ್‌ಡೊಮೇನ್ ತೆರೆದು ಕ್ಲೌಡ್ ಆ್ಯಪ್‌ಗೆ ಸಿನೇಮ್ ಬರೆದಿರುತ್ತಾರೆ. ಕೆಲಸ ಮುಗಿದ ಮೇಲೆ ಬಿಲ್ ಬರುವುದೆಂದು ಆ್ಯಪ್ ಅಳಿಸುತ್ತಾರೆ, ಸಿನೇಮ್ ಬಿಲ್ ತರುವುದಿಲ್ಲವಾದ್ದರಿಂದ ಹಾಗೇ ಉಳಿಯುತ್ತದೆ. ಆ್ಯಪ್‌ನ ಹೆಸರನ್ನು ಮತ್ತೆ ಯಾರು ಬೇಕಾದರೂ ಪಡೆಯಬಹುದಾದ ಕ್ಲೌಡ್ ಅದಾಗಿದ್ದರೆ, ಅಪರಿಚಿತರೊಬ್ಬರು ಅದೇ ಹೆಸರು ಪಡೆದು ಆ ಸಂಸ್ಥೆಯ ಸಬ್‌ಡೊಮೇನಿನಲ್ಲಿ ತಮ್ಮ ಪುಟ ಇಡಬಹುದು. ಅವರಿಗೆ ಆ ಹೆಸರಿನ ಸರ್ಟಿಫಿಕೇಟ್ ಕೂಡ ಸಿಗುತ್ತದೆ, ಏಕೆಂದರೆ ಪರೀಕ್ಷೆಗೆ ಬಂದವರಿಗೆ ಉತ್ತರ ಹೇಳುವವರು ಈಗ ಅವರೇ. ಓದುಗರ ಕಣ್ಣಿಗೆ ಅದು ಬ್ಯಾಂಕಿನ, ವಿಶ್ವವಿದ್ಯಾಲಯದ, ಸರ್ಕಾರಿ ಇಲಾಖೆಯ ಅಧಿಕೃತ ವಿಳಾಸವಾಗಿಯೇ ಕಾಣುತ್ತದೆ.

ಹೆರೋಕು ಪ್ರತಿ ಡೊಮೇನಿಗೂ ಊಹಿಸಲಾಗದ ಗುರಿಹೆಸರು ಕೊಡುವುದರಿಂದ, ಅಜೂರ್ ಮತ್ತು ಗಿಟ್‌ಹಬ್ ಟೆಕ್ಸ್ಟ್ ದಾಖಲೆಯಿಂದ ಒಡೆತನ ಪರಿಶೀಲಿಸುವುದರಿಂದ ಈ ದಾರಿ ಕೊಂಚ ಇಕ್ಕಟ್ಟಾಗಿದೆ, ಮುಚ್ಚಿಲ್ಲ. ಒಂದು ನಕ್ಷತ್ರ ಚಿಹ್ನೆಯಿಂದ ಎಲ್ಲ ಸಬ್‌ಡೊಮೇನ್‌ಗಳನ್ನೂ ಕ್ಲೌಡ್‌ಗೆ ತೋರಿಸುವ ವೈಲ್ಡ್‌ಕಾರ್ಡ್ ದಾಖಲೆ ಬರೆದಿಟ್ಟವರಿಗೆ ಅಪಾಯ ಇನ್ನೂ ಹೆಚ್ಚು. ಆ್ಯಪ್ ನಿಲ್ಲಿಸುವಾಗ ಮೊದಲು ಡಿಎನ್ಎಸ್ ದಾಖಲೆ ತೆಗೆಯಬೇಕು, ಅದರ ಟಿಟಿಎಲ್ ತೀರುವವರೆಗೆ ಆ್ಯಪ್ ಇರಗೊಡಬೇಕು, ಆಮೇಲೆ ಡ್ಯಾಶ್‌ಬೋರ್ಡ್‌ನಿಂದ ಡೊಮೇನ್ ತೆಗೆದು, ಕೊನೆಯಲ್ಲಿ ಆ್ಯಪ್ ಅಳಿಸಬೇಕು.